ಮೀನಿನ ತಲೆ ಯಾವ ಕಡೆ

ಆ ಓಣಿಯಲ್ಲಿ ಅವನನ್ನು ಹೆತ್ತವರು ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಇಕ್ಕಳಣ್ಣ. ನೂಲಿನ ಗಿರಣಿಯ ಗೇಟಿನೆದುರು ಮೂವತ್ತೆರಡು ವರ್ಷ ಸೈಕಲ್ ರಿಪೇರಿ ಮಾಡಿದವನು. ಅವನ ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಏನಾದರೂ ಸಿಕ್ಕಿಕೊಂಡರೆ ಮುಗಿಯಿತು. ತುಕ್ಕು ಹಿಡಿದ ನಟ್ಟಿಗೆ ಬೇರೆಯವರು ಪಾನಾ ಹುಡುಕುವಷ್ಟರಲ್ಲಿ ಇವನು ಬರಿಗೈಯಲ್ಲೇ ತಿರುಗಿಸಿ ತೆಗೆದು, "ಇಷ್ಟಕ್ಕೆಲ್ಲಾ ಪಾನಾ ಬೇಕೇನ್ರಪ್ಪಾ?" ಎಂದು ಮೂಗು ಮುರಿಯುತ್ತಿದ್ದ.

ಗಿರಣಿಯಲ್ಲಿ ಮುಷ್ಕರವಾದಾಗ ಮಾಲೀಕನ ಕಡೆಯವರು ಯಂತ್ರಗಳನ್ನೆಲ್ಲ ಲಾರಿಗೆ ತುಂಬಿ ಸಾಗಿಸುವ ಹುನ್ನಾರದಲ್ಲಿದ್ದರು. ಗೇಟಿಗೆ ಹಾಕಲು ಕಾರ್ಮಿಕರ ಹತ್ತಿರ ಒಂದು ಬೀಗವೂ ಇರಲಿಲ್ಲ. ಇಕ್ಕಳಣ್ಣ ಅಂಗಡಿಯ ಹಿಂದೆ ಬಿದ್ದಿದ್ದ ನಲವತ್ತು ಹಳೇ ಚೈನುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹೆಬ್ಬಾವಿನಂಥ ಒಂದೇ ಚೈನು ಮಾಡಿದ. ಅದನ್ನು ಗೇಟಿನ ಸರಳುಗಳಿಗೆ ಮೂರು ಸುತ್ತು ಸುತ್ತಿ, ಕೊನೆಯ ಕೊಂಡಿ ಯಾವುದೆಂದು ತನಗೊಬ್ಬನಿಗೇ ಗೊತ್ತಾಗುವ ಹಾಗೆ ಸೇರಿಸಿದ. ಗೇಟು ತೆರೆಸಲು ಬಂದ ಪೊಲೀಸರು ಆ ಕೊಂಡಿ ಹುಡುಕಿ ಹುಡುಕಿ ಸುಸ್ತಾಗಿ ಮಧ್ಯಾಹ್ನ ಗರಗಸ ತರಿಸಿದರು. ಅಷ್ಟರಲ್ಲಿ ಊರಿಗೆ ಊರೇ ಗೇಟಿನ ಮುಂದೆ ಬಂದು ಕೂತಿತ್ತು. ಗಿರಣಿ ಕೊನೆಗೆ ಮುಚ್ಚಿತು, ಆ ಮಾತು ಬೇರೆ. ಆದರೆ ಅವತ್ತು ಒಂದು ಬೋಲ್ಟೂ ಹೊರಗೆ ಹೋಗಲಿಲ್ಲ.

ಅಂಥ ಕೈಯಿಂದ ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಜಾರಿ ಬಿತ್ತು. ಲಕ್ವ. ಸೊಟ್ಟಗಾಗಿದ್ದ ಬಾಯಿ ಎರಡು ವಾರಕ್ಕೆ ಸರಿಹೋಯಿತು. "ಅದೊಂದು ಸರಿಹೋಗದಿದ್ರೂ ನಡೀತಿತ್ತು" ಎಂದಳು ಹೆಂಡತಿ. ಕಾಲು ಎಳೆದುಕೊಂಡಾದರೂ ನಡೆಯುವ ಹಾಗಾಯಿತು. ಕೈ ಮಾತ್ರ ಅರ್ಧಕ್ಕೇ ನಿಂತಿತು. ಬೆರಳುಗಳು ಮಡಚುತ್ತಿದ್ದವು, ಹೆಬ್ಬೆರಳು ಒತ್ತುತ್ತಿರಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿತು.

ಹೆಂಡತಿ ಸರ್ಕಾರಿ ದವಾಖಾನೆಯ ನರ್ಸು. ಎದ್ದು ಓಡಾಡಲಾರದ ರೋಗಿಗಳ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಇಕ್ಕಳಣ್ಣ ಅವಳನ್ನು ಮೊದಲು ಕಂಡದ್ದೂ ಕೊಯ್ದುಕೊಂಡ ಬೆರಳು ಹಿಡಿದುಕೊಂಡು ಹೋದಾಗ. ಅವತ್ತು ಕರೆದ "ಸಿಸ್ಟರ್" ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಬಾಯಿಂದ ಹೋಗಿರಲಿಲ್ಲ. ಅವಳು ಓಡಾಡುವ ದಾರಿಯಲ್ಲಿ ಇಟ್ಟಿಗೆ ಭಟ್ಟಿಗಳು; ಆರು ದಿನದಲ್ಲಿ ಚೈನಿನ ಮೇಲೆ ಕೆಂಪು ಧೂಳೂ ಎಣ್ಣೆಯೂ ಸೇರಿ ಅಂಟು ಕಟ್ಟುತ್ತಿತ್ತು. ಹಾಗಾಗಿ ಭಾನುವಾರ ಬಂತೆಂದರೆ ಚೈನು ಬಿಚ್ಚಿ, ಡಬ್ಬಿಯಲ್ಲಿ ಸೀಮೆಎಣ್ಣೆ ಹಾಕಿ ನೆನೆಸಿ, ಹಳೇ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಮತ್ತೆ ಜೋಡಿಸುವುದು ಇಕ್ಕಳಣ್ಣನ ಪಾಲಿನ ಕೆಲಸ. ಹೆಂಡತಿಗೆ ಅವನು ಸೀರೆ ತಂದುಕೊಟ್ಟದ್ದು ಕಮ್ಮಿ. ಚೈನು ಮಾತ್ರ ಒಂದು ವಾರವೂ ತಪ್ಪಿಸಿರಲಿಲ್ಲ. ಆಸ್ಪತ್ರೆ ಸೇರುವ ತನಕ.

ಕೆಲಸಕ್ಕೆ ಅವನು ಮತ್ತೆ ಕೈ ಹಾಕಿ ಇದು ಮೂರನೇ ಭಾನುವಾರ. ಮೊದಲ ಭಾನುವಾರ ಜೋಡಿಸಿದ್ದು ಗುರುವಾರ ಕಳಚಿತು. ಎರಡನೆಯದು ಮಂಗಳವಾರವೇ, ಸೇತುವೆಯ ಏರಿನಲ್ಲಿ, ಹಿಂದೆ ಲಾರಿ ಹಾರನ್ ಹೊಡೆಯುತ್ತಿರುವಾಗ. ನರ್ಸಮ್ಮ ಔಷಧದ ಪೆಟ್ಟಿಗೆ ಹೊತ್ತ ಸೈಕಲ್ಲನ್ನು ಎರಡು ಮೈಲಿ ತಳ್ಳಿಕೊಂಡು ಹೋಗಿ, ಕಾಲು ಕೊಳೆತು ಮಲಗಿದ್ದ ನಿವೃತ್ತ ಹೆಡ್‌ಮಾಸ್ತರರ ಬಾಯಲ್ಲಿ ತಡವಾಗಿದ್ದಕ್ಕೆ ಬೈಗುಳ ತಿಂದು ಮನೆಗೆ ಬಂದಳು. ಚೈನನ್ನು ಗಂಡನ ತೊಡೆಯ ಮೇಲೆ ಹಾಕಿದಳು.

"ತಗೊಳ್ರೀ, ನಿಮ್ಮ ಹೆಬ್ಬಾವು."

ಇಕ್ಕಳಣ್ಣ ಕೊಂಡಿ ನೋಡಿದ. ಲಾಕು ಇರಲಿಲ್ಲ.

ಮಗಳು ಬಸ್ಸಿನ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಅದೇ ದನಿ. "ಅಪ್ಪಾ, ನಿಂಗೆ ಬೇಜಾರಾದ್ರೂ ಆಗ್ಲಿ. ಅಮ್ಮ ಲಾರಿ ಕೆಳಗೆ ಹೋದ್ರೆ ಏನ್ ಮಾಡ್ತೀಯ? ದೊಡ್ಡ ರಸ್ತೆ ಸೈಕಲ್ ಶೋರೂಮಿಗೆ ಕೊಡೋಣ" ಎಂದು, ಅಲ್ಲಿಯ ಫೋನ್ ನಂಬರು ಬರೆದ ಚೀಟಿಯನ್ನು ಸೀಮೆಎಣ್ಣೆ ಡಬ್ಬಿಗೇ ಅಂಟಿಸಿದಳು.

ಇಕ್ಕಳಣ್ಣ ವಾದಕ್ಕೆ ನಿಲ್ಲಲಿಲ್ಲ. ಅದೇ ಇಬ್ಬರಿಗೂ ದಿಗಿಲು ಹುಟ್ಟಿಸಿತು. ಗೋಡೆಯ ಜೊತೆಗೂ ವಾದ ಮಾಡುವವನು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, "ಇನ್ನೊಂದೇ ಸಲ ನೋಡ್ತೀನಿ. ಕಳಚ್ತೋ, ಶೋರೂಮಿಗೇ ಕೊಡಿ. ಪಾನಾ, ಇಕ್ಕಳ ಎಲ್ಲಾ ಗುಜರಿಗೆ ಹಾಕಿ. ನಾನಿನ್ನು ಮುಟ್ಟಲ್ಲ" ಎಂದ.

ಈ ಲಾಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚೈನಿನ ಎರಡು ತುದಿ ಸೇರುವಲ್ಲಿ ಒಂದು ಬಿಡಿ ಕೊಂಡಿ ಇರುತ್ತದೆ. ಅದರ ಎರಡು ಮೊಳೆಗಳನ್ನು ಹಿಂದಿನಿಂದ ತೂರಿಸಿ, ಮೇಲೊಂದು ಪಟ್ಟಿ ಕೂರಿಸಿ, ಅದು ಕಳಚದಂತೆ ಉಗುರಿನಷ್ಟಗಲದ ಉಕ್ಕಿನ ಲಾಕು ಹಾಕುತ್ತಾರೆ. ಆ ಲಾಕು ನೋಡಲು ಥೇಟ್ ಪುಟ್ಟ ಮೀನು. ಒಂದು ಕಡೆ ಮುಚ್ಚಿದ ದುಂಡು ತಲೆ, ಇನ್ನೊಂದು ಕಡೆ ಸೀಳಿದ ಬಾಲ. ಚೈನು ಎತ್ತ ಓಡುತ್ತದೋ ತಲೆ ಅತ್ತ ಇರಬೇಕು. ಬಾಲ ಮುಂದಾದರೆ ಎಲ್ಲಾದರೂ ತಗುಲಿ ಸೀಳು ಬಾಯಿ ಬಿಡುತ್ತದೆ, ಲಾಕು ಹಾರಿಹೋಗುತ್ತದೆ. ಇಕ್ಕಳಣ್ಣನಿಗೆ ಕಸುಬು ಕಲಿಸಿದ ಸೋದರಮಾವ ಇಷ್ಟುದ್ದ ಹೇಳಿರಲಿಲ್ಲ. ಅಂಗಡಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲಿನ ಮುಂದೆ ಕೂರಿಸಿ, ತಲೆಗೊಂದು ಮೊಟಕಿ, "ಮೀನಿನ ತಲೆ ಮುಂದಿನ ಚಕ್ರದ ಕಡೆ. ಮರೆತೆಯೋ, ಕತ್ತೆ ಕಾಯಕ್ಕೆ ಹೋಗು" ಎಂದಿದ್ದ. ಇಕ್ಕಳಣ್ಣ ಮರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಜಗಲಿಯಲ್ಲಿ ಸೇರಿದರು. ಸೈಕಲ್ಲು ತಲೆಕೆಳಗಾಗಿ, ಸೀಟಿನ ಮೇಲೂ ಹ್ಯಾಂಡಲಿನ ಮೇಲೂ ನಿಂತಿತ್ತು. ಕುಕ್ಕರಗಾಲಲ್ಲಿ ಕೂತು ಒಂದೇ ಕೈಯಲ್ಲಿ ಕೆಲಸ ಮಾಡುವುದು ಇಕ್ಕಳಣ್ಣನಿಗೆ ಈಗ ಆಗದ ಮಾತು. ಹೀಗೆ ಮಗುಚಿಟ್ಟರೆ ಅದು ಅಲ್ಲಾಡುವುದಿಲ್ಲ, ಸ್ಟೂಲಿನ ಮೇಲೆ ಕೂತವನ ಎದೆಮಟ್ಟಕ್ಕೆ ಚೈನು ಬರುತ್ತದೆ. ಮೊದಲ ಭಾನುವಾರದಿಂದಲೂ ಹೀಗೇ; ಉಪಾಯ ಹೆಂಡತಿಯದು. ರೋಗಿಯನ್ನು ಮಗ್ಗುಲು ತಿರುಗಿಸಿದ ಹಾಗೇ ಅವಳೇ ಅದನ್ನು ಮಗುಚಿದ್ದಳು.

ಅವನು ತೊಳೆದ ಚೈನನ್ನು ಹಿಂದಿನ ಹಲ್ಲುಗಳ ಮೇಲೆ ಹಾಯಿಸಿದ, ಪೆಡಲಿನ ದೊಡ್ಡ ಹಲ್ಲುಚಕ್ರಕ್ಕೆ ತಂದ. ಎರಡು ತುದಿಗಳನ್ನೂ ಆ ಚಕ್ರದ ಮೇಲ್ಗಡೆ ಅಕ್ಕಪಕ್ಕದ ಹಲ್ಲುಗಳಿಗೆ ಸಿಕ್ಕಿಸಿದ. ಹಾಗೆ ಮಾಡಿದರೆ ಹಲ್ಲುಗಳೇ ತುದಿಗಳನ್ನು ಹಿಡಿದುಕೊಳ್ಳುತ್ತವೆ, ಮೂರನೇ ಕೈ ಬೇಡ. ಕೊಂಡಿ ತೂರಿಸಿದ. ಪಟ್ಟಿಯನ್ನು ಬಲಗೈಯ ಗಿಣ್ಣಿನಿಂದ ಅದುಮಿ ಹಿಡಿದ. ಅಂಗಡಿಯ ಡಬ್ಬಿಯಿಂದ ಹೊಸ ಲಾಕು ಎತ್ತಿ, ತಲೆಯನ್ನು ಮುಂದಿನ ಚಕ್ರದ ಕಡೆ ಇಟ್ಟು, ಎಡಗೈಯ ಇಕ್ಕಳದಿಂದ ಒತ್ತಿದ. ಜಾರಿತು. ಮತ್ತೆ ಒತ್ತಿದ. ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯಿತು. ಮಗಳ ಕೈ ತಾನಾಗಿಯೇ ಮುಂದೆ ಬಂತು. ತಾಯಿ ಈರುಳ್ಳಿ ಸುಲಿಯುತ್ತಲೇ ಆ ಕೈಯ ಮೇಲೆ ಪಟ್ಟೆಂದು ಹೊಡೆದಳು.

ಟಕ್. ಲಾಕು ಕೂತಿತು.

"ಕೂತಿದೆ" ಎಂದ ಇಕ್ಕಳಣ್ಣ. "ಬೆರಳಲ್ಲಿ ಎಳೆದು ನೋಡಿದೆ, ಅಲ್ಲಾಡಲ್ಲ. ಹೋದ ವಾರಾನೂ ಹೀಗೇ ಕೂತಿತ್ತು. ದರಿದ್ರ ಕೈ, ಒತ್ತಿದ ಹಾಗೆ ನಾಟಕ ಮಾಡತ್ತೆ. ಪೆಡಲ್ ತಿರುಗಿಸಮ್ಮ."

ಮಗಳು ತಿರುಗಿಸಿದಳು. ಚೈನು ಸರಸರ ಓಡಿತು. ಇಕ್ಕಳಣ್ಣ ಕಣ್ಣು ಮುಚ್ಚಿದ. ಗಿರಣಿಯ ಪಾಳಿ ಬಿಟ್ಟಾಗ ಸೈಕಲ್ಲುಗಳ ಸಂತೆಯಲ್ಲಿ ಯಾವುದರ ಬೇರಿಂಗು ಹೋಗಿದೆಯೆಂದು ಕೂತಲ್ಲಿಂದಲೇ ಹೇಳುತ್ತಿದ್ದ ಕಿವಿ ಅವನದು. ಲಕ್ವ ಅದನ್ನು ಮುಟ್ಟಿರಲಿಲ್ಲ.

"ಇನ್ನೊಂದ್ ಸಲ. ನಿಧಾನಕ್ಕೆ."

ಸರಸರ, ಸರಸರ, ಟಿಕ್. ಸರಸರ, ಸರಸರ, ಟಿಕ್.

"ಟಿಕ್ ಅಂದಾಗ ನಿಲ್ಸು."

ನಿಲ್ಲಿಸಿದಳು. ಅವನ ಬೆರಳು ಸದ್ದು ಬಂದ ಕಡೆ ಹೋಯಿತು. ಸೀರೆಯ ನೆರಿಗೆ ಸಿಕ್ಕಿಕೊಳ್ಳದಿರಲೆಂದು ಚೈನಿಗೆ ಹಾಕಿದ್ದ ಅರ್ಧ ಕವರಿನ ಅಂಚು ಒಂದು ಕಡೆ ಒಳಕ್ಕೆ ಬಗ್ಗಿತ್ತು. ಆ ಅಂಚಿಗೆ ಸರಿಯಾಗಿ ತಾಗಿಕೊಂಡು ನಿಂತದ್ದು ಲಾಕು. ಮೊದಲು ತಾಗಿದ್ದು ಬಾಲ.

ಇಕ್ಕಳಣ್ಣ ಬಾಲ ನೋಡಿದ. ಮುಂದಿನ ಚಕ್ರ ನೋಡಿದ. ತಲೆ ಓರೆ ಮಾಡಿ, ಆಮೇಲೆ ಪೂರ್ತಿ ಬಗ್ಗಿಸಿ, ತಾನೇ ತಲೆಕೆಳಗಾಗುವವನ ಹಾಗೆ ಸೈಕಲ್ಲನ್ನು ನೋಡಿದ. ಸೈಕಲ್ಲು ನೆಟ್ಟಗಿದ್ದಾಗ ಚೈನಿನ ಮೇಲಿನ ಸಾಲು ಮುಂದಕ್ಕೆ ಓಡುತ್ತದೆ, ಕೆಳಗಿನದು ಹಿಂದಕ್ಕೆ. ಮಗುಚಿ ಹಾಕಿದಾಗ ಮೇಲಿರುವುದೇ ಆ ಕೆಳಗಿನ ಸಾಲು. ಮೂರು ಭಾನುವಾರವೂ ಅವನು, ಹಿಂದಕ್ಕೆ ಓಡುವ ಚೈನಿಗೆ ಮುಂದಕ್ಕೆ ತಲೆ ಇಟ್ಟ ಮೀನು ಹಾಕಿದ್ದ.

ಹೊಟ್ಟೆ ಕುಲುಕತೊಡಗಿತು. ಮಗಳು ಮತ್ತೆ ಲಕ್ವ ಬಡಿಯಿತೆಂದು ಹೆದರಿ ಎದ್ದಳು. "ಅಮ್ಮಾ!"

"ಏನೂ ಆಗಿಲ್ಲ, ನಗ್ತಿದಾರೆ" ಎಂದಳು ನರ್ಸಮ್ಮ, ಚಾಕು ಕೆಳಗಿಟ್ಟು.

"ಸಿಸ್ಟರ್, ಕೈ ಸರಿ ಇದೆ ಕಣೇ! ಲಾಕು ಸರಿಯಾಗೇ ಒತ್ತಿದೀನಿ, ಮೂರು ಸಲಾನೂ! ಹಿಂದ್ಮುಂದು ಹಾಕಿದೀನಿ ಅಷ್ಟೆ. ಕೆಟ್ಟಿದ್ದು ಕೈಯಲ್ಲ, ತಲೆ."

"ಅದು ಮದುವೆ ಆದ ವಾರಕ್ಕೇ ಗೊತ್ತಾಗಿತ್ತು. ಅದಕ್ಕೆ ಶೋರೂಮಿಲ್ಲ ಅಂತ ಸುಮ್ನಿದ್ದೆ."

"ನಮ್ಮ ಮಾವ ಇದ್ದಿದ್ರೆ ಕತ್ತೆ ಕಾಯಕ್ಕೆ ಕಳಿಸ್ತಿದ್ದ."

"ಕತ್ತೆಗಳಾದ್ರೂ ಒಪ್ಪಬೇಕಲ್ಲ?" ಎಂದಳು ಮಗಳು.

ಲಾಕು ತೆಗೆದು ತಿರುಗಿಸಿ ಹಾಕಲು ಅವನಿಗೆ ಕಾಲು ಗಂಟೆ ಹಿಡಿಯಿತು. ಮೂರು ಸಲ ಜಾರಿತು, ಒಂದು ಸಲ ಹಾರಿ ಈರುಳ್ಳಿ ಸಿಪ್ಪೆಯಲ್ಲಿ ಬಿತ್ತು. ಯಾರೂ ಕೈ ಹಾಕಲಿಲ್ಲ. ಆಮೇಲೆ ಬಗ್ಗಿದ ಕವರನ್ನು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡುತ್ತಾ ಕೇಳಿದ, "ಇದು ಯಾವಾಗ ಬಗ್ಗಿದ್ದು?"

"ನೀವು ಆಸ್ಪತ್ರೇಲಿ ಬಿದ್ದಿದ್ರಲ್ಲ, ಆ ದಿನ. ಅಲ್ಲಿಯ ಗೇಟಿಗೆ ಗುದ್ದಿದೆ."

"ಅಷ್ಟು ದೊಡ್ಡ ಗೇಟು ಕಾಣಿಸ್ಲಿಲ್ವಾ?"

"ಇಲ್ಲ" ಎಂದಳು ಅವಳು, ಮತ್ತೆ ಚಾಕು ಎತ್ತಿಕೊಂಡು. "ಕಣ್ಣಿಗೆ ಏನೋ ಬಿದ್ದಿತ್ತು."

ಇಕ್ಕಳಣ್ಣ ಕವರಿನ ಅಂಚನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿದ್ದಿದ. ಮಗಳು ಪೆಡಲು ತಿರುಗಿಸಿದಾಗ ಸರಸರ ಬಿಟ್ಟು ಬೇರೆ ಸದ್ದಿರಲಿಲ್ಲ.

ಗುರುವಾರ ದಾಟಿತು. ಮುಂದಿನ ಭಾನುವಾರ ಬೆಳಿಗ್ಗೆ ಅಲ್ಲಿಯವರೆಗೂ ಕಳಚದ ಚೈನನ್ನು ಅವನೇ ಬಿಚ್ಚಿದ. ತೊಳೆದು ಜೋಡಿಸಿ, ಮೀನಿನ ತಲೆ ಎತ್ತ ಇದೆಯೆಂದು ಎರಡು ಸಲ ನೋಡಿದ. ಇಕ್ಕಳಕ್ಕೆ ಎಣ್ಣೆ ಮೆತ್ತಿತ್ತು. ಒರೆಸಲು ಬಟ್ಟೆಗಾಗಿ ಅತ್ತಿತ್ತ ನೋಡಿದವನು ಡಬ್ಬಿಗೆ ಅಂಟಿದ್ದ ಶೋರೂಮಿನ ಚೀಟಿಯನ್ನು ಕಿತ್ತು, ಅದರಲ್ಲೇ ಒರೆಸಿದ.