ಜಯದೇವಕ್ಕನ ಕಾವಲಿನಲ್ಲಿ ಕೆಂಪಿನ ಅಡ್ಡಿಕೆ

ನನ್ನ ವಾರಗಿತ್ತಿ ಜಯದೇವಿಯನ್ನು ನಾನು ಯಾವತ್ತೂ ಇಷ್ಟಪಟ್ಟವಳಲ್ಲ. ನೆಂಟರು ಓದಿ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಅವಳ ಗಂಡ, ನನ್ನ ಭಾವ ಗುರುಶಾಂತಪ್ಪನವರು ಡಾಕ್ಟರು. ಅಮೆರಿಕದ ಶಿಕಾಗೋ ಹತ್ತಿರದ ನೇಪರ್‌ವಿಲ್ಲಿನಲ್ಲಿ ಸ್ವಂತ ಮನೆ. ನಾವಿದ್ದದ್ದು ಲೊಂಬಾರ್ಡಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಆ ವ್ಯತ್ಯಾಸವನ್ನು ಅವಳು ಒಂದು ದಿನವೂ ಮರೆಯಲಿಲ್ಲ, ನನಗೂ ಮರೆಯಲು ಬಿಡಲಿಲ್ಲ.

ಒಡವೆಯ ವಿಷಯ ಬಂತೆಂದರೆ ಅವಳ ಮಾತೇ ವೇದವಾಕ್ಯ. ಮುತ್ತಿನ ಸರ ಹಾಕಿಕೊಂಡು ಸೆಂಟು ಹೊಡೆದುಕೊಂಡವರಿಗೆ ಬೈಗುಳ. ಹವಳಕ್ಕೆ ವಿನಿಗರ್ ತಾಗಿಸಿದವರು ಶತದಡ್ಡರು. ಬೆಳ್ಳಿ, ಚಿನ್ನ ಎರಡನ್ನೂ ಒಂದೇ ಡಬ್ಬಿಗೆ ಸುರಿದವರು ಸಂಸಾರಕ್ಕೇ ನಾಲಾಯಕ್ಕು. ಚಿನ್ನ ತೊಳೆಯಲು ಮೈಸೂರಿನಿಂದ ಅಂಟುವಾಳದ ಕಾಯಿ ತರಿಸುತ್ತಿದ್ದಳು. ಬೇರೆಯವರಿಗೆ ಒಂದೇ ಒಂದು ಕಾಯಿ ಕೊಟ್ಟವಳಲ್ಲ. ಆದರೂ ಅಪಾರ್ಟ್‌ಮೆಂಟುಗಳಲ್ಲಿದ್ದ ನಮ್ಮ ಕನ್ನಡದ ಹೆಂಗಸರು ಕಳ್ಳರ ಭಯಕ್ಕೆ ಒಡವೆಗಳನ್ನು ಅವಳ ಹತ್ತಿರವೇ ಇಟ್ಟಿದ್ದರು. ಅದರಿಂದ ಅವಳ ಜಂಬ ಇನ್ನಷ್ಟು ಏರಿತು.

ಹೇಳಿಕೊಳ್ಳುವಂಥ ಒಡವೆ ನನಗಿದ್ದದ್ದು ಒಂದೇ, ಅಮ್ಮನ ಕೆಂಪಿನ ಅಡ್ಡಿಕೆ. ಕತ್ತಿಗೆ ಒತ್ತಿ ಕೂರುವ ಹಳೇ ಕಾಲದ ಹಾರ; ಚಿನ್ನದ ಗೂಡುಗಳಲ್ಲಿ ಅರಗು ತುಂಬಿ ಕೆಂಪು ಕಲ್ಲು ಕೂರಿಸಿದ್ದರು. ಅಮ್ಮ ತೀರಿಕೊಂಡಾಗ ನನಗೆ ಊರಿಗೆ ಹೋಗಲಾಗಲಿಲ್ಲ. ಅಮ್ಮ ಅಂತ ನನಗೆ ಉಳಿದದ್ದು ಅದಷ್ಟೇ. ಒಮ್ಮೆ ಅದನ್ನು ಹಾಕಿಕೊಂಡೇ ಒಲೆಯ ಮುಂದೆ ನಿಂತಿದ್ದೆನೆಂದು ಜಯದೇವಕ್ಕ ಎಲ್ಲರೆದುರು ನನ್ನ ನೀರಿಳಿಸಿದ್ದಳು, ಅರಗಿಗೆ ಬಿಸಿ ಆಗದು ಎಂಬಷ್ಟೂ ತಿಳಿಯದವಳು ಅಂತ. ೧೯೭೩ರ ಬೇಸಿಗೆಯಲ್ಲಿ ನಮ್ಮ ಕಟ್ಟಡದಲ್ಲಿ ಕಳ್ಳತನವಾಯಿತು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಗಂಡ ಅಡ್ಡಿಕೆಯನ್ನು ಒಯ್ದು ತಮ್ಮ ಅತ್ತಿಗೆಯಾದ ಅವಳಿಗೇ ಕೊಟ್ಟು ಬಂದರು.

ಸಂಕ್ರಾಂತಿಗೆ ಕನ್ನಡದವರೆಲ್ಲ ಸೇರಿ ಸ್ಕೂಲಿನ ಹಾಲ್ ಹಿಡಿದಿದ್ದರು. ಅಮ್ಮನ ಅಡ್ಡಿಕೆ ಹಾಕಿಕೊಂಡೇ ಎಳ್ಳು ಬೀರಬೇಕೆಂದು ನನಗೆ ಆಸೆ. ಅಕ್ಕನನ್ನು ಕೇಳಿದರೆ ನಾಳೆ ಎಂದಳು, ನಾಡಿದ್ದು ಎಂದಳು. ಕೊನೆಗೆ ನಾನೇ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದೆ.

ಯಾರೂ ಮಲಗದ ಒಂದು ಕೋಣೆ ಆ ಮನೆಯಲ್ಲಿತ್ತು. ಅದರ ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿ ತೆಗೆದು, ಒಳಗಿನ ಕೊಳವೆಯಲ್ಲಿ ತಗಡಿನ ಡಬ್ಬಿಯೊಳಗೆ ನನ್ನ ಅಡ್ಡಿಕೆಯನ್ನು ಬಚ್ಚಿಟ್ಟಿದ್ದಳು ಮಹಾತಾಯಿ! ಖರ್ಚು ಉಳಿಸಲು ಆ ಕೊಳವೆಯನ್ನು ಬೇಸ್‌ಮೆಂಟಿನಲ್ಲೇ ಬಂದ್ ಮಾಡಿಸಿದ್ದಳಂತೆ. ಆದರೆ ಚಳಿಗಾಲಕ್ಕೆ ಮೈಸೂರಿನಿಂದ ನಮ್ಮತ್ತೆ ಬಂದು ಅದೇ ಕೋಣೆಯಲ್ಲಿ ಮಲಗಿದರು. ಅವರು ನಡುಗುವುದನ್ನು ನೋಡಲಾರದೆ ಭಾವ, ಒಳಗೆ ಒಡವೆ ಇರುವುದು ಗೊತ್ತಿಲ್ಲದೆ, ಕೆಳಗಿಳಿದು ಕೊಳವೆ ತೆರೆದರು. ಅಂದಿನಿಂದ ಹಗಲೂ ರಾತ್ರಿ ನನ್ನ ಅಮ್ಮನ ಅಡ್ಡಿಕೆ ಬೆಂದಿತು.

ಡಬ್ಬಿ ತೆರೆದೆ. ಅರಗು ಕರಗಿ ಹರಿದು ತಳಕ್ಕೆ ಅಂಟಿತ್ತು, ಕಲ್ಲುಗಳು ಅದರಲ್ಲಿ ಹೂತು ಕಪ್ಪಾಗಿದ್ದವು.

"ಅರಗಿಗೆ ಬಿಸಿ ಆಗಲ್ಲ ಅಂತ ಹೇಳಿದ್ದು ನೀವೇ ಅಲ್ವಾ ಅಕ್ಕ?" ಎಂದೆ.

ತಪ್ಪಾಯಿತು ಅಂದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಅವಳು ಅಂದದ್ದು ಇದು: "ನಿಮ್ಮಮ್ಮ ಕೊಟ್ಟಿದ್ದೇ ಕಳಪೆ ಸಾಮಾನು ಕಣೇ. ಒಳ್ಳೇ ಕೆಲಸ ಆಗಿದ್ರೆ ಕಲ್ಲು ಯಾಕೆ ಉದುರ್ತಿತ್ತು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ನಾನು ಡಬ್ಬಿ ಎತ್ತಿಕೊಂಡು ಬಂದೆ.

ಸಂಕ್ರಾಂತಿಯ ದಿನ ಹಾಲಿನಲ್ಲಿ ಅಕ್ಕ ಮುತ್ತಿನ ಸರ ಹಾಕಿಕೊಂಡು, ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಒಡವೆಯ ಪಾಠ ಹೇಳುತ್ತಿದ್ದಳು. ನಾನು ಅವಳ ಪಕ್ಕಕ್ಕೇ ಹೋಗಿ ನಿಂತು ಕೋಟು ಬಿಚ್ಚಿದೆ. ಕತ್ತಿನಲ್ಲಿ ಅಡ್ಡಿಕೆಯಿತ್ತು. ಒಂದು ಕಲ್ಲೂ ಇರಲಿಲ್ಲ. ಗೂಡುಗಳು ಕರಕಲಾಗಿ ಬಾಯಿ ಬಿಟ್ಟುಕೊಂಡಿದ್ದವು. ವುಡ್‌ರಿಡ್ಜಿನ ಪದ್ಮಜಾ, ಅವಳ ಬಳೆಗಳೂ ಅಕ್ಕನ ಹತ್ತಿರವೇ ಇದ್ದವು, ಇದಕ್ಕೇನಾಯಿತು ಎಂದು ಮೆಲ್ಲಗೆ ಕೇಳಿದಳು.

"ನಮ್ಮಮ್ಮಂದು," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಜೋಪಾನವಾಗಿರ್ಲಿ ಅಂತ ನಮ್ಮಕ್ಕನ ಹತ್ರ ಕೊಟ್ಟಿದ್ವಿ."

ನಾನು ಎಳ್ಳಿನ ಪೊಟ್ಟಣವನ್ನು ಮೊದಲು ಅಕ್ಕನ ಕೈಗೇ ಕೊಟ್ಟೆ.

ಆ ವಾರವೆಲ್ಲ ನೇಪರ್‌ವಿಲ್ಲಿನ ಆ ಮನೆಯ ಮುಂದೆ ಕಾರುಗಳು ಬಂದು ನಿಂತವಂತೆ. ಹೆಂಗಸರೆಲ್ಲ ತಮ್ಮ ತಮ್ಮ ಒಡವೆ ಕೇಳಿ ಪಡೆದುಕೊಂಡು ಹೋದರು. ಮೊದಲು ಹೋದವಳು ಪದ್ಮಜಾ.