ನಾಳೆ ಗಣಿಯಲ್ಲಿ ಏನು ಹೇಳಲಿ

ಮಸ್ಕಿಯ ತಮ್ಮಂದಿರೂ ಸಿಂಧನೂರಿನ ತಂಗಿಯೂ ಓದಿ ಹೇಳಿ, ಇವತ್ತು ನಮ್ಮ ಮನೆಯಲ್ಲಿ ಆದದ್ದು ನನಗಿನ್ನೂ ಅರ್ಥವಾಗಿಲ್ಲ.

ಈ ವಾರ ನನಗೆ ಹಗಲು ಪಾಳಿ. ಹಟ್ಟಿಯ ಗಣಿಯೊಳಗೆ ರೇಡಿಯೋ ಕೇಳುವುದಿಲ್ಲ. ಮನೆಯಲ್ಲಿ ನಿಮ್ಮ ಅತ್ತಿಗೆ ಜೋಳ ಹಸನು ಮಾಡುತ್ತ ಕ್ರಿಕೆಟ್ಟಿನ ಹಿಂದಿ ಕಾಮೆಂಟರಿ ಕೇಳುತ್ತಾಳೆ. ಲಿಂಗಸುಗೂರಿನ ಉರ್ದು ಶಾಲೆಯ ಪಕ್ಕ ಬೆಳೆದವಳು, ಆ ಹಿಂದಿಯೆಲ್ಲ ಅವಳಿಗೆ ತಿಳಿಯುತ್ತದೆ, ನನಗಲ್ಲ. ಸಂಜೆ ಅವಳು ಹೇಳಿದ್ದನ್ನು ಮರುದಿನ ನಾನು ಗಣಿಯಲ್ಲಿ ನನ್ನದೇ ಅಭಿಪ್ರಾಯವೆಂದು ಹೇಳುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು.

ಇವತ್ತು ರಜೆ. ಜೊತೆಗೆ ಕೆಲಸ ಮಾಡುವ ಬಸಣ್ಣ ಚಹಾಕ್ಕೆ ಬಂದ.

"ಅಕ್ಕಾರ, ನಮ್ಮಣ್ಣಾರು ಭಾಳ ಶಾಣ್ಯಾ ಅದಾರ ನೋಡ್ರಿ. ಆ ಎಡಗೈಯಾವನ್ನ ಮೊದಲ ಆಡಾಕ ಕಳಸಬಾರದು ಅಂದಿದ್ರು. ಹಂಗ ಆತು, ಬಂದಷ್ಟೇ ಬೇಗ ಹೋದ."

ಅದು ಅವಳದೇ ಮಾತು. ನಾನು ಬಸಿಯಲ್ಲಿನ ಚಹಾ ನೋಡುತ್ತ ಕುಳಿತೆ.

"ಹೌದಪಾ, ಅವರಿಗೆ ಭಾಳ ತಿಳೀತೈತಿ" ಎಂದಳು.

ಬಸಣ್ಣ ಹೋದ ಮೇಲೆ ಕೇಳಿದೆ, "ಸಿಟ್ಟು ಬಂದೈತೇನು?"

"ನನಗ್ಯಾಕ ಸಿಟ್ಟು?"

"ಹಂಗಾದ್ರ ನಾಳೆ ಗಣ್ಯಾಗ ಮಂದಿ ಕೇಳಿದ್ರ ಏನ್ ಹೇಳ್ಲಿ?"

"ನನಗೇನ್ ಗೊತ್ತಾಗ್ತೈತ್ರಿ? ಶಾಣ್ಯಾರು ನೀವ ಅದೀರಿ" ಎಂದು ರೊಟ್ಟಿ ಬಡಿಯಲು ಎದ್ದಳು.

ರೇಡಿಯೋ ಹಚ್ಚಿ ನಾನೇ ಕೇಳಿದೆ. ಕಾಮೆಂಟರಿ ಹೇಳುವ ಆ ಮನುಷ್ಯ ಕೂಗುತ್ತಿದ್ದದ್ದು ಸಂತೋಷಕ್ಕೋ ಸಂಕಟಕ್ಕೋ ತಿಳಿಯಲಿಲ್ಲ.

ಜ್ವರವೆಂದು ನಾಳೆಯೂ ಮನೆಯಲ್ಲೇ ಉಳಿಯೋಣವೆಂದರೆ, ಹಣೆ ಮುಟ್ಟಿ ನೋಡುವವಳೂ ಅವಳೇ.