ನೀಬಿಯಾ ಅತ್ತಿಗೆಯ ಮಧ್ಯಾಹ್ನದ ಪತಂಗ

ನಮ್ಮ ತಕ್ವಾರೆಂಬೋ ಹುಲ್ಲುಗಾವಲಿನ ಕಡೆ ಡಿಸೆಂಬರ್ ಎಂದರೆ ನಡುಬೇಸಿಗೆ; ಆ ಬಿಸಿಲಿನಲ್ಲಿ ಮಧ್ಯಾಹ್ನದ ಊಟ ಮುಗಿಯಿತೆಂದರೆ ನಾಯಿ ಕೂಡ ಕಣ್ಣು ಬಿಡುವುದಿಲ್ಲ. ದನ ಕಾಯುವವರು, ಕುರಿ ಉಣ್ಣೆ ಕತ್ತರಿಸುವವರು, ಯಜಮಾನ ದೋನ್ ಅಪಾರಿಸಿಯೋ, ಎಲ್ಲರೂ ಬಾಗಿಲು ಮುಚ್ಚಿ ಮಲಗುತ್ತಾರೆ. ಆ ಹೊತ್ತಿನಲ್ಲಿ ತಲೆಗೊಂದು ಟೋಪಿ ಸಿಕ್ಕಿಸಿಕೊಂಡು ಕಲ್ಲುದಿಬ್ಬದ ಹುಲ್ಲಿಗೆ ಹೋಗುತ್ತಿದ್ದವಳು ನನ್ನ ಗಂಡನ ಅಕ್ಕ ನೀಬಿಯಾ ಒಬ್ಬಳೇ. ಯಜಮಾನರ ಅಡುಗೆಮನೆಯಲ್ಲಿ ನಾವಿಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಅವಳದು ಮಾಂಸ, ನನ್ನದು ಬ್ರೆಡ್ಡು.

"ಎಲ್ಲಿಗೆ ಅತ್ತಿಗೆ, ಯಾರಾದ್ರೂ ಕಾಯ್ತಿದ್ದಾನಾ?" ಎಂದು ನಾನು ಕಾಲೆಳೆಯುತ್ತಿದ್ದೆ.

"ಹೂಂ ಕಣೇ ಎಲ್ಬಿಯಾ, ರೆಕ್ಕೆ ಇರೋನು. ನಿನ್ನ ಗಂಡನ ಥರ ಗೊರಕೆ ಹೊಡೆಯೋನಲ್ಲ."

ಅವಳು ಹೇಳುತ್ತಿದ್ದದ್ದು ಒಂದು ಪತಂಗದ ವಿಷಯ. ಮೇಲಿನ ರೆಕ್ಕೆ ಒಣಹುಲ್ಲಿನ ಬಣ್ಣ, ಕೆಳಗಿನದು ಇಟ್ಟಿಗೆ ಕೆಂಪು, ಅಂಚಿಗೆ ಬಿಳಿ ಚುಕ್ಕೆ. ಸುಡುವ ಬಿಸಿಲಲ್ಲೇ ಹಾರುತ್ತಿತ್ತು, ಗಿಡ್ಡ ಹುಲ್ಲಿಗೆ ತಾಗುವಷ್ಟು ಕೆಳಗೆ. ಊರೆಲ್ಲ ಮಲಗುವ ಹೊತ್ತಿಗೇ ಅದು ಏಳುತ್ತಿದ್ದರಿಂದ ನಮ್ಮ ಅಜ್ಜ ಮುತ್ತಜ್ಜಂದಿರು ಯಾರೂ ಅದನ್ನು ನೋಡಿರಲಿಲ್ಲ. ಅತ್ತಿಗೆಗೆ ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದ ಅಕ್ಕರೆಯನ್ನೆಲ್ಲ ತಂದು ಈ ಹುಳುವಿನ ಮೇಲೆ ಸುರಿದಿದ್ದಳು. ನನಗೋ ಹೊಟ್ಟೆಕಿಚ್ಚು. ಮನಬಿಚ್ಚಿ ಬೆರೆಯಲು ನಾನಿಲ್ಲವೇ?

ಸತ್ತುಬಿದ್ದಿದ್ದ ಒಂದನ್ನು ಹತ್ತಿಯಲ್ಲಿ ಸುತ್ತಿ, ರಾಜಧಾನಿಗೆ ಹೊರಟಿದ್ದ ದನದ ಡಾಕ್ಟರ ಕೈಲಿ ಕಳಿಸಿದಳು. ಅದನ್ನು ನೋಡಿ ವಸ್ತುಸಂಗ್ರಹಾಲಯದಿಂದ ಐರಿಸ್ ಎಂಬ ವಿದ್ವಾಂಸೆ ಬಂದಳು. ದಿಬ್ಬದ ಮೇಲೆ ಬೋರಲು ಮಲಗಿ ನೋಡಿ, ಧೂಳು ಕೊಡವಿಕೊಂಡು ಎದ್ದಳು.

"ನನಗೆ ಗೊತ್ತಿರೋ ಯಾವುದಕ್ಕೂ ಇದು ಹೋಲಲ್ಲಮ್ಮ. ಹೊಸದೇ ಇರಬಹುದು. ಆದ್ರೆ ಬರೀ ಗಂಡು ನೋಡಿ ಹೇಳೋಕಾಗಲ್ಲ. ಹೆಣ್ಣು ಬೇಕು. ಅದು ಹಾರಲ್ಲ ಅನ್ಸುತ್ತೆ, ಹುಲ್ಲೊಳಗೇ ಕೂತಿರುತ್ತೆ. ಹುಡುಕ್ತಿರಿ, ನಾನು ಮತ್ತೆ ಬರ್ತೀನಿ."

ಅವಳು ಮತ್ತೆ ಬರುವುದಕ್ಕೆ ವರ್ಷಗಳೇ ಹಿಡಿದವು. ಅತ್ತಿಗೆಗೆ ಮಾತ್ರ ಅಂದಿನಿಂದ ಒಂದೇ ಚಿಂತೆ. ಹೆಣ್ಣು ನೆಲದಲ್ಲೇ ಕೂತಿರುತ್ತದಾದರೆ ದನದ ಕಾಲಿಗೆ ಸಿಕ್ಕಿ ಅಪ್ಪಚ್ಚಿಯಾಗದೆ? ದೋನ್ ಅಪಾರಿಸಿಯೋನ ಹತ್ತಿರ ಹೋದಳು. ಬದುಕಿನಲ್ಲಿ ಅವನಿಂದ ಅವಳು ಕೇಳಿದ್ದು ಅದೊಂದೇ.

"ಬೇಲಿ ತಾನೇ? ಹಾಕಿಸ್ತೀನಿ ಬಿಡು ನೀಬಿಯಾ. ನಮ್ಮಪ್ಪನ ಸಮಾಧಿಗೆ ಹಾಕಿರೋ ಥರಾನೇ, ಐದು ಎಳೆ ತಂತಿ," ಎಂದ ಅವನು.

ನಮ್ಮಲ್ಲಿ ಅದು ಮರ್ಯಾದೆ. ಯಾವ ಜಾಗ ಪ್ರೀತಿಯದೋ ಅಲ್ಲಿಗೆ ದನ ನುಗ್ಗದಂತೆ ತಂತಿ ಕಟ್ಟುತ್ತೇವೆ. ತಪ್ಪಿದ್ದೀತೆಂದು ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ವರ್ಷ ಹುಲ್ಲು ಮೊಣಕಾಲುದ್ದ ಬಂತು. "ನೋಡೇ, ಹೇಗೆ ಕೊಬ್ಬಿದೆ," ಎಂದು ಕೈಯಾಡಿಸಿದಳು. ಆಮೇಲೆ ಅದು ಒಣಗಿ ಅಲ್ಲೇ ಬಿತ್ತು, ಅದರ ಮೇಲೆ ಇನ್ನೊಂದು ಪದರ ಬಿತ್ತು, ನಡುವೆ ಚಿರ್ಕಾ ಪೊದೆ ಎದ್ದಿತು. ಪತಂಗಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಒಮ್ಮೆ ಮಳೆಗೆ ಬೈದಳು, ಇನ್ನೊಮ್ಮೆ ಹೆಪ್ಪುಗಟ್ಟಿದ ಇಬ್ಬನಿಗೆ. ದನ ನುಗ್ಗುತ್ತಿರಬೇಕೆಂದು ಬೇಲಿಗೆ ಇನ್ನೊಂದು ಎಳೆ ಬಿಗಿಸಿದಳು. ಕೊನೆಗೊಂದು ಬೇಸಿಗೆ ಒಂದೂ ಹಾರಲಿಲ್ಲ.

ಐರಿಸ್ ಬಂದದ್ದು ಆಗ. ಬೇಲಿ ಕಂಡವಳೇ ಮುಖ ಸಪ್ಪಗೆ ಮಾಡಿಕೊಂಡಳು. ಒಣಹುಲ್ಲಿನ ಪದರವನ್ನು ಎರಡೂ ಕೈಯಿಂದ ಸೀಳಿದಳು. ಕೆಳಗೆ ನೆಲ ಕಪ್ಪಗೆ, ತಣ್ಣಗೆ, ಬೂಷ್ಟು ಹಿಡಿದಿತ್ತು. ಅಲ್ಲಿ ಒಂದು ಹೆಣ್ಣು ಒಣಗಿ ಅಂಟಿಕೊಂಡಿತ್ತು. ಮೊಂಡು ರೆಕ್ಕೆ, ದಪ್ಪ ಹೊಟ್ಟೆ.

"ಇದೇ ಬೇಕಾಗಿತ್ತು," ಎಂದಳು. ಖುಷಿಯಿರಲಿಲ್ಲ ದನಿಯಲ್ಲಿ. "ಹೊಸ ಜಾತೀನೇ. ಇದರ ಮರಿಹುಳು ಗಿಡ್ಡ ಹುಲ್ಲಿನ ಬೇರು ತಿಂದು ಮಣ್ಣೊಳಗೆ ಬೆಳೆಯುತ್ತೆ ಅನ್ಸುತ್ತೆ. ಮಣ್ಣಿಗೆ ಬಿಸಿಲು ಬೀಳ್ಬೇಕು. ಹುಲ್ಲು ಎತ್ತರ ಬೆಳೆದ್ರೆ ಹೆಣ್ಣು ಗಂಡಿನ ಕಣ್ಣಿಗೂ ಬೀಳಲ್ಲ."

"ಹುಲ್ಲು ಗಿಡ್ಡ ಇಟ್ಟಿದ್ದು ಯಾರು?" ಅತ್ತಿಗೆ ಕೇಳಿದಳು.

ಐರಿಸ್ ತಲೆಯೆತ್ತಿ ಆಚೆ ನೋಡಿದಳು. ಬೇಲಿಯಾಚೆ ಯಜಮಾನರ ಹಸುಗಳು ಮೇಯುತ್ತಿದ್ದವು.

ಅವತ್ತೇ ಇಕ್ಕಳ ತಂದು ಅತ್ತಿಗೆ ತಾನೇ ತಂತಿ ಕತ್ತರಿಸಿದಳು. ಕೈಯೆಲ್ಲ ಗೀರು. ನಾನು ಹಿಡಿಯಲು ಹೋದರೆ ತಳ್ಳಿದಳು. ಹಸುಗಳನ್ನು ಬೈದು ಬಡಿದು ಒಳಕ್ಕೆ ಹೊಡೆದಳು. ಅವು ಚೆನ್ನಾಗಿ ಮೇಯ್ದವು, ಹುಲ್ಲು ಮೊದಲಿನಂತೆ ಗಿಡ್ಡವಾಯಿತು. ಮುಂದಿನ ಬೇಸಿಗೆಯೂ, ಅದರಾಚೆಯದೂ ಬರಿದೇ ಹೋದವು. ಸುತ್ತಲಿನ ದಿಬ್ಬಗಳನ್ನು ಐರಿಸ್ ತನ್ನವರನ್ನು ಕಟ್ಟಿಕೊಂಡು ಜಾಲಾಡಿದಳು. ಎಲ್ಲೂ ಸಿಗಲಿಲ್ಲ. ನನ್ನ ಹೊಟ್ಟೆಕಿಚ್ಚೂ ಅಷ್ಟರಲ್ಲಿ ಸತ್ತಿತ್ತು. ಆ ಹಾಳು ಹುಳು ಒಂದಾದರೂ ಬರಲಪ್ಪ ಎಂದು ನಾನೇ ಹರಸಿಕೊಂಡೆ.

ಆಮೇಲೊಂದು ದಿನ ಐರಿಸಳ ಫೋನು ಬಂತು. ಅತ್ತಿಗೆಗೆ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿದ್ದೆ.

"ನೀಬಿಯಾಮ್ಮ, ಅದಕ್ಕೊಂದು ಹೆಸರಿಡ್ಬೇಕು. ನಿಮ್ಮ ಹೆಸರೇ ಇಡ್ತಾ ಇದೀವಿ."

ಅತ್ತಿಗೆ ಒಲೆಯ ಮೇಲಿದ್ದ ಪಾತ್ರೆ ಕೆಳಗಿಳಿಸಿದಳು. "ಕೊಂದವಳ ಹೆಸರು ಯಾರಾದ್ರೂ ಇಡ್ತಾರೇನಮ್ಮ?"

"ಹಾಗನ್ಬೇಡಿ. ನೀವಿಲ್ಲದಿದ್ರೆ ಅದು ಇತ್ತು ಅಂತಾನೇ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಗೊತ್ತಾಗದೆ ಇದ್ದಿದ್ರೆ ಬದುಕಿರ್ತಿತ್ತು," ಎಂದು ಫೋನನ್ನು ನನ್ನ ಕೈಗೆ ತುರುಕಿದಳು. ಆ ಕಡೆ ಐರಿಸ್ "ಹಲೋ, ಹಲೋ" ಅನ್ನುತ್ತಲೇ ಇದ್ದಳು.